ಕೊಬ್ಬರಿ ಅಟ್ಟದ ಕೆಳಗಿನ ಡ್ರಮ್ಮು

ಪುಟ್ಟೀ, ಚಿನ್ನೂ,

ಹೋದ ರಜೆಯಲ್ಲಿ ಬಂದಾಗ ನೀವು ಕೇಳಿದಿರಿ, "ಅಜ್ಜಿ, ಅಮ್ಮನ ಬ್ಯಾಂಡ್ ಬೆಂಗಳೂರಲ್ಲಿ ಶುರುವಾಯ್ತು ಅಂತ ಫೋನಲ್ಲಿ ಬರ್ದಿದ್ದಾರೆ, ನಿಜಾನಾ?" ಇಲ್ಲ, ಇಲ್ಲೇ ಎಂದೆ. "ಇಲ್ಲೇ ಅಂದ್ರೆ ಎಲ್ಲಿ?" ಎಂದು ಚಿನ್ನು ಬೆನ್ನು ಹತ್ತಿದ. ಒಲೆಯ ಮೇಲೆ ಹಾಲು ಇತ್ತು, ಅದನ್ನೇ ನೆಪ ಮಾಡಿಕೊಂಡು ಎದ್ದು ಹೋದೆ. ನನಗೆ ಎದುರಿಗೆ ಕೂತು ಹೇಳುವುದು ಬರುವುದಿಲ್ಲ. ಬರೆಯುವಾಗ ಯಾರೂ ಮುಖ ನೋಡುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಊರಿನ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಓದಿದವಳು ನಾನು. ತಪ್ಪಿದ್ದರೆ ತಿದ್ದಿಕೊಳ್ಳಿ.

ಬಾಣಾವರದಿಂದ ಹಳೇಬೀಡಿನ ಕಡೆಗೆ ಹೋಗುವ ರಸ್ತೆಯ ಪಕ್ಕದ ನಮ್ಮ ತೋಟದಲ್ಲಿ, ಮನೆಯ ಹಿಂದೆ ಒಂದು ಹೆಂಚಿನ ಕೊಟ್ಟಿಗೆ ಇದೆಯಲ್ಲ, ನೀವು ಜೋಕಾಲಿ ಕಟ್ಟುವುದು, ಅದು ಆಗ ಕೊಬ್ಬರಿ ಕೊಟ್ಟಿಗೆ. ಮೇಲೆ ಮರದ ಪಟ್ಟಿಗಳ ಅಟ್ಟ. ಬಲಿತ ತೆಂಗಿನಕಾಯನ್ನು ಮಟ್ಟೆಯ ಸಮೇತ, ಅಂದರೆ ಹೊರಗಿನ ನಾರಿನ ಸಿಪ್ಪೆ ಸುಲಿಯದೆ, ಆ ಅಟ್ಟದ ಮೇಲೆ ಸುರಿದು ಹೆಚ್ಚುಕಡಿಮೆ ಒಂದು ವರ್ಷ ಮುಟ್ಟದೆ ಬಿಡಬೇಕು. ಒಳಗಿನ ನೀರು ಹಿಂಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆಯಾಗುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಲೊಟಲೊಟ ಎನ್ನುತ್ತದೆ. ಆಮೇಲೆ ಸುಲಿದು, ಚಿಪ್ಪು ಒಡೆದು, ಉಂಡೆ ಬಿರಿಯದಂತೆ ತೆಗೆಯಬೇಕು. ಇಡೀ ಉಂಡೆಗೆ ಒಂದು ಬೆಲೆ, ಹೋಳಾದರೆ ಅದಕ್ಕಿಂತ ಕಡಿಮೆ. ನಮ್ಮ ಕಡೆ ಮನೆಯ ಅನುಕೂಲ ನೋಡುವುದೆಂದರೆ ಅಟ್ಟ ನೋಡುವುದು. ನನ್ನನ್ನು ಇಲ್ಲಿಗೆ ಕೊಡುವ ಮುಂಚೆ ನಮ್ಮಪ್ಪ ಹುಡುಗನ ಮುಖಕ್ಕಿಂತ ಮೊದಲು ಕತ್ತೆತ್ತಿ ಇದೇ ಅಟ್ಟ ನೋಡಿದ್ದರಂತೆ.

ಅಟ್ಟದ ಕಾಯಲ್ಲಿ ಅರ್ಧ ನಮ್ಮದು, ಅರ್ಧ ನಿಮ್ಮ ತಾತನ ಅಣ್ಣನದು. ನೀವು ದೊಡ್ಡ ತಾತ ಎನ್ನುತ್ತೀರಿ, ನನಗೆ ಅವರು ಭಾವ. ಮನೆ ಬೇರೆಯಾದರೂ ಅಟ್ಟ ಒಂದೇ ಇತ್ತು.

ನಿಮ್ಮ ಅಮ್ಮ ಆಗ ಅರಸೀಕೆರೆಯ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದಳು. ಚಿಕ್ಕಂದಿನಿಂದ ಅವಳ ಕೈ ಸುಮ್ಮನಿದ್ದದ್ದು ನಾನು ಕಂಡಿಲ್ಲ. ಹಾಲಿನ ಕ್ಯಾನು, ಮೊರ, ಓದುವ ಮೇಜು, ಏನು ಸಿಕ್ಕಿದರೂ ಬಾರಿಸುತ್ತಿದ್ದಳು. ಅರಸೀಕೆರೆಯಲ್ಲಿ ಮದುವೆಗೆ, ಗಣಪತಿ ಕೂರಿಸಿದಲ್ಲಿಗೆ ಹೋಗಿ ಹಾಡುತ್ತಿದ್ದ ಆರ್ಕೆಸ್ಟ್ರಾದವರೊಬ್ಬರು ಕೆಲಸ ನಿಲ್ಲಿಸಿ ಸಾಮಾನು ಮಾರುತ್ತಿದ್ದರು. ಅಲ್ಲಿನ ಮಂಡಿಗೆ ಕೊಬ್ಬರಿ ಹಾಕಲು ಹೋದ ನಿಮ್ಮ ತಾತ, ಬರುವಾಗ ಅದೇ ಲಗೇಜ್ ಆಟೋದಲ್ಲಿ ಡ್ರಮ್ ಸೆಟ್ ತಂದರು. ನನಗೆ ಒಂದು ಮಾತೂ ಹೇಳಿರಲಿಲ್ಲ. ಅಂಗಳದಲ್ಲಿ ಇಳಿಸುವಾಗ ಭಾವ ಬಂದು ನಿಂತರು.

"ಏನ್ಲಾ ಇದು, ಮಗಳ ಮದ್ವೆಗೆ ಈಗ್ಲೇ ಬ್ಯಾಂಡ್ ಸೆಟ್ ತಂದ್ಬುಟ್ಯಾ?"

"ಅವ್ಳೇ ಬಾರುಸ್ತಾಳಂತೆ ಕಣಣ್ಣ. ಒಂದ್ ಖರ್ಚು ಕಮ್ಮಿ ಆಯ್ತದೆ" ಎಂದರು ನಿಮ್ಮ ತಾತ.

ಮನೆಯೊಳಗೆ ಜಾಗ ಸಾಲದೆ ಅದನ್ನು ಕೊಟ್ಟಿಗೆಯಲ್ಲಿ ಅಟ್ಟದ ಕೆಳಗೆ ಇಟ್ಟರು. ಸ್ವಲ್ಪ ದಿನಕ್ಕೆ ಇಬ್ಬರು ಹುಡುಗರು ಬರತೊಡಗಿದರು. ಒಬ್ಬ ಬಾಣಾವರದವನು, ಅವಳ ಕಾಲೇಜಿನವನೇ, ರೈಲ್ವೆಯಲ್ಲಿ ಕೆಲಸದಲ್ಲಿದ್ದವರ ಮಗ. ಗಿಟಾರು ಅವನದು. ಇನ್ನೊಬ್ಬ ಮಾದಿಹಳ್ಳಿಯವನು, ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬಸ್ಸು ಹತ್ತುತ್ತಿದ್ದ. ಹಾಡು ಬರೆಯುವವನೂ ಹಾಡುವವನೂ ಅವನೇ. ನಿಲ್ಲಿಸದೆ ಹೋಗುವ ಬಸ್ಸಿನ ಮೇಲೆ, ಅರ್ಧಕ್ಕೆ ಹೋಗುವ ಕರೆಂಟಿನ ಮೇಲೆ ಹಾಡು ಕಟ್ಟುತ್ತಿದ್ದ. ಮೊದಮೊದಲು ನನಗೆ ಅದು ಹಾಡು ಅನ್ನಿಸಲಿಲ್ಲ, ಯಾರೋ ಯಾರನ್ನೋ ಬಯ್ಯುತ್ತಿದ್ದಾರೆ ಅನ್ನಿಸಿತು. ಮೂವರಿಗೂ ಅವಲಕ್ಕಿ ಮಾಡಿ ಹೊಸಿಲ ಮೇಲೆ ಇಟ್ಟು ಬರುತ್ತಿದ್ದೆ, ಒಳಗೆ ಹೋಗುತ್ತಿರಲಿಲ್ಲ. ಕರೆಂಟು ಹೋದರೆ ಗಿಟಾರು ನಿಲ್ಲುತ್ತಿತ್ತು, ಡ್ರಮ್ಮು ನಿಲ್ಲುತ್ತಿರಲಿಲ್ಲ.

ಭಾವನಿಗೆ ಶಬ್ದದ ಚಿಂತೆಗಿಂತ ಕಾಯಿಯ ಚಿಂತೆ. ಗುಡುಗು ಹೆಚ್ಚಾದ ವರ್ಷ ಅಟ್ಟದಲ್ಲಿ ಕೊಬ್ಬರಿ ಬಿರಿಯುತ್ತದೆ ಎಂದು ನಮ್ಮ ಕಡೆ ನಂಬಿಕೆ. "ತಿರುಳು ಚಿಪ್ಪು ಬಿಡೋ ಹೊತ್ನಲ್ಲಿ ಹಿಂಗೆ ಅದುರ್ಸುದ್ರೆ ಉಂಡೆ ಎಲ್ಲಿ ಉಳೀತದ್ಲಾ? ದಿನಾ ಗುಡುಗು ತಂದು ಮನೇಲಿ ಮಡಿಕ್ಕಂಡಿದೀಯ" ಎಂದು ತಮ್ಮನನ್ನು ಬಯ್ದರು. ಅರ್ಧ ಕಾಯಿ ಅವರದೇ ಆದ್ದರಿಂದ ಬಯ್ಯುವುದರಲ್ಲಿ ತಪ್ಪೂ ಇರಲಿಲ್ಲ. ನಿಮ್ಮ ತಾತ ಯೋಚಿಸಿ ಎಲ್ಲರೆದುರು ಒಂದು ತೀರ್ಮಾನ ಹೇಳಿದರು.

"ಈ ಸಲದ ಅಟ್ಟದ್ ಕಾಯಿ ಇಳ್ಸೋಗಂಟ ಬಾರುಸ್ಲಿ. ಹೋಳು ಜಾಸ್ತಿ ಬಿದ್ರೆ ಡ್ರಮ್ಮು ಆಚಿಕೆ. ನಾನೇ ತಗಂಡೋಗಿ ಮಾರ್ಬುಟ್ ಬತ್ತೀನಿ."

ನಿಮ್ಮ ಅಮ್ಮ ಒಪ್ಪಿದಳು. ಅಂದಿನಿಂದ ಬಾರಿಸುತ್ತ ಬಾರಿಸುತ್ತ ಆಗಾಗ ಕತ್ತೆತ್ತಿ ಅಟ್ಟ ನೋಡುವುದು ಅವಳಿಗೆ ಅಭ್ಯಾಸವಾಯಿತು. ಈಗಲೂ ದೊಡ್ಡ ಸ್ಟೇಜಿನಲ್ಲಿ ಅವಳು ನಡುನಡುವೆ ಮೇಲೆ ನೋಡುತ್ತಾಳೆ. ಟಿವಿಯವರು ಅದನ್ನು ಏನೋ ಧ್ಯಾನ ಎಂದು ಹೇಳಿದರು. ಅದು ಕಾಯಿ ನೋಡುವುದು.

ಮೊದಲು ಕಾಲೇಜಿನ ವಾರ್ಷಿಕೋತ್ಸವದಲ್ಲಿ ಬಾರಿಸಿದರು. ಗೆಂಡೆಹಳ್ಳಿಯಲ್ಲಿ ಗಣಪತಿ ಕೂರಿಸಿದವರು ಕರೆದರು, ಒಂದು ಹಾಡು ಮುಗಿಯುವಷ್ಟರಲ್ಲಿ "ಸಾಕು ಬಿಡ್ರಪ್ಪ, ಮಕ್ಕಳು ಮಲಗವೆ" ಎಂದು ಇಳಿಸಿ ಸಿನಿಮಾ ಹಾಡು ಹಾಕಿಕೊಂಡರು. ನಿಮ್ಮ ತಾತ ಊಟಕ್ಕೆ ಕೂತಾಗ ಅದನ್ನು ನೆನೆಸಿಕೊಂಡು ನಗುತ್ತಿದ್ದರು. ಅವಳೂ ನಗುತ್ತಿದ್ದಳು.

ಆ ವರ್ಷ ಅಟ್ಟ ಇಳಿಸುವ ಮುಂಚೆಯೇ ನಿಮ್ಮ ತಾತ ಹೋದರು. ತೋಟದಲ್ಲಿ ನೀರು ಕಟ್ಟುವಾಗ ಎದೆ ಹಿಡಿದುಕೊಂಡು ಕೂತವರು, ಆಸ್ಪತ್ರೆಗೆ ಮುಟ್ಟಲಿಲ್ಲ. ಅದನ್ನು ಹೆಚ್ಚು ಬರೆಯಲು ನನಗೆ ಆಗುವುದಿಲ್ಲ. ಮಣ್ಣು ಮಾಡುವ ಮುಂಚೆ ಭಜನೆಯವರ ಜೊತೆ ಮಾದಿಹಳ್ಳಿ ಹುಡುಗ ಕೂತು ತಾಳ ಹಾಕಿದ. ನಿಮ್ಮ ಅಮ್ಮ ತಾತನ ಒಂದು ಪಂಚೆ ತಂದು ಡ್ರಮ್ಮಿನ ಮೇಲೆ ಹೊದಿಸಿದಳು.

ಆಮೇಲೆ ಕೊಟ್ಟಿಗೆ ಸುಮ್ಮನಾಯಿತು. ಹುಡುಗರು ಬರುತ್ತಿದ್ದರು, ಕೂತು ಮಾತಾಡಿ ಹೋಗುತ್ತಿದ್ದರು. ಬಾರಿಸು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ, ಸತ್ತ ಮನೆಯಲ್ಲಿ ಡೋಲೇ ಎಂದು ಜನ ಆಡಿಕೊಳ್ಳುವ ಭಯವೂ ಇತ್ತು. ಒಂದು ದಿನ ಬಟ್ಟೆ ಒಗೆಯುವಾಗ ಆ ಪಂಚೆಯನ್ನೂ ತೆಗೆದು ಒಗೆದು ಹಾಕಿದೆ. ಒಣಗಿದ ಮೇಲೆ ಮಡಿಸಿ ಟ್ರಂಕಿನಲ್ಲಿಟ್ಟೆ, ಮತ್ತೆ ಹೊದಿಸಲಿಲ್ಲ. ಮಾರನೆಯ ದಿನ ಶಬ್ದ ಶುರುವಾಯಿತು.

ಅದೇ ಸುಮಾರಿಗೆ ಬೆಂಗಳೂರಿನಲ್ಲಿ ಬ್ಯಾಂಡುಗಳ ಸ್ಪರ್ಧೆಗೆ ಅವರನ್ನು ಕರೆದರು. ಹುಡುಗರ ಮುಖ ಬೆಳಗಿತು. ಆದರೆ ಸ್ಪರ್ಧೆಗೆ ಮುಂಚೆ ಅಟ್ಟ ಇಳಿಸುವ ದಿನ ಬಂತು.

ಆಳುಗಳು ಕಾಯಿ ಇಳಿಸಿ ಸುಲಿದರು. ಕೊಟ್ಟಿಗೆಯ ಮುಂದೆ ಹೆಂಗಸರು ಸಾಲಾಗಿ ಕೂತು ಚಿಪ್ಪು ಒಡೆದರು. ಉಂಡೆ ಒಂದು ಕಡೆ, ಹೋಳು ಒಂದು ಕಡೆ. ಭಾವ ನಿಂತೇ ಇದ್ದರು. ಸಂಜೆಯ ಹೊತ್ತಿಗೆ ನೋಡಿದರೆ ಹೋಳಿನ ರಾಶಿ ಹೋದ ವರ್ಷಕ್ಕಿಂತ ದೊಡ್ಡದಿತ್ತು. ಆ ವರ್ಷ ಮಳೆಗಾಲವೂ ಎಳೆದುಕೊಂಡು ಹೋಗಿತ್ತು, ಅದಕ್ಕೇ ಹೀಗಾಯಿತು ಎಂದು ಕೆಲವರು ಅಂದರು. ಮಳೆಗೋ ಡ್ರಮ್ಮಿಗೋ, ನನಗೆ ಇವತ್ತಿಗೂ ಗೊತ್ತಿಲ್ಲ.

"ಕಾಯ್ಗೂ ಕುಣಿಯೋ ಆಸೆ ಬಂದದೆ ಕಣ್ರಪ್ಪೋ" ಎಂದಳು ಒಡೆಯುವವಳೊಬ್ಬಳು. ಎಲ್ಲರೂ ನಕ್ಕರು, ಭಾವ ನಗಲಿಲ್ಲ.

"ನನ್ ತಮ್ಮ ಏನ್ ಹೇಳಿದ್ದ? ಇಲ್ಲಿರೋರೆಲ್ಲ ಕೇಳಿದ್ರಲ್ಲ?"

ನಿಮ್ಮ ಅಮ್ಮನೇ "ದೊಡ್ಡಪ್ಪ ಹೇಳೋದು ಸರಿ. ಅಪ್ಪ ಹಂಗೇ ಹೇಳಿದ್ರು" ಎಂದು ಒಳಗೆ ಹೋಗಿ ಡ್ರಮ್ಮಿನ ಕಾಲುಗಳ ತಿರುಪು ಬಿಚ್ಚತೊಡಗಿದಳು. ಬಾಣಾವರದ ಹುಡುಗನ ಕ್ವಾರ್ಟರ್ಸ್ ಎರಡು ಕೋಣೆಯದು, ಮಾದಿಹಳ್ಳಿಯಲ್ಲಿ ದನಗಳು ಬೆದರುತ್ತವೆ. ಇಲ್ಲಿಂದ ಡ್ರಮ್ಮು ಹೋದರೆ ಸ್ಪರ್ಧೆಯೂ ಇಲ್ಲ, ಬ್ಯಾಂಡೂ ಇಲ್ಲ ಎನ್ನುವುದು ಮೂವರಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು.

ನಮ್ಮ ಮನೆಗಳಲ್ಲಿ ತಮ್ಮನ ಹೆಂಡತಿ ಭಾವನ ಎದುರು ನಿಂತು ಮಾತಾಡುವ ಪದ್ಧತಿ ಇರಲಿಲ್ಲ. ಏನಾದರೂ ಹೇಳಬೇಕಿದ್ದರೆ ಬಾಗಿಲ ಹಿಂದಿನಿಂದ, ಇಲ್ಲವೇ ಮಕ್ಕಳ ಕೈಲಿ ಹೇಳಿಸುವುದು. ಅಷ್ಟು ವರ್ಷ ನಾನೂ ಹಾಗೇ ಇದ್ದೆ. ಅವತ್ತು ಬಾಗಿಲು ದಾಟಿ ಅಂಗಳಕ್ಕೆ ಬಂದೆ. ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡೆ.

"ಭಾವ, ಡ್ರಮ್ಮು ಇರ್ಲಿ. ಕಾಯಿ ಬ್ಯಾಡ."

"ಏನಂದೆ?"

"ನಮ್ ಭಾಗದ್ ಕಾಯಿ ಇನ್ಮ್ಯಾಲೆ ಅಟ್ಟಕ್ಕೆ ಹಾಕಲ್ಲ. ಹಸಿಕಾಯೇ ಮಾರ್ತೀನಿ. ನಿಮ್ ಕಾಯ್ನ ನಿಮ್ಮನೇಲಿ ಅಟ್ಟ ಕಟ್ಕಂಡು ಹಾಕ್ಕಳಿ."

"ನನ್ ತಮ್ಮನ ಮಾತಿಗೆ ಬೆಲೆ ಇಲ್ವೇನವ್ವ?"

"ಅವ್ರಿದ್ದಿದ್ರೆ ಮಾರ್ತಿದ್ರೇನೋ. ನಾನು ಮಾರಲ್ಲ."

ಅಷ್ಟೇ ನಾನು ಹೇಳಿದ್ದು. ಭಾವನಿಗೆ ಕೋಪಕ್ಕಿಂತ ಆಶ್ಚರ್ಯವೇ ಜಾಸ್ತಿ ಇತ್ತು ಅನ್ನಿಸುತ್ತದೆ, ಅವರು ನನ್ನ ದನಿಯನ್ನು ಸರಿಯಾಗಿ ಕೇಳಿದ್ದೇ ಅವತ್ತು. "ಅಟ್ಟ ಖಾಲಿ ಮಾಡ್ಕಂಡು ಮಗಳ್ನ ಯಾರಿಗ್ ಕೊಡ್ತೀಯವ್ವ?" ಎಂದರು.

"ಡ್ರಮ್ಮು ನೋಡ್ಕಂಡ್ ಬರೋನ್ಗೆ ಕೊಡ್ತಾರೆ ಬುಡಿ ಗೌಡ್ರೆ" ಎಂದಳು ಮತ್ತೆ ಆ ಚಿಪ್ಪು ಒಡೆಯುವವಳೇ. ಈ ಸಲದ ನಗುವಿಗೆ, ಗಿಟಾರು ಹಿಡಿದು ಮೂಲೆಯಲ್ಲಿ ನಿಂತಿದ್ದವನ ಕಿವಿ ಕೆಂಪಾಯಿತು. ಅವನೇ ನಿಮ್ಮ ಅಪ್ಪ. ಅವರ ಮದುವೆಯ ಗಲಾಟೆ ಬೇರೆ ಕಥೆ, ಅದನ್ನು ನಿಮ್ಮ ಅಮ್ಮನ ಬಾಯಲ್ಲೇ ಕೇಳಿ.

ಹಸಿಕಾಯಿ ಮಾರಿದ್ದರಿಂದ ಮನೆಗೆ ಬಿಗಿಯಾಯಿತು, ಅದು ನಿಜ. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಹೆದರಿಸಿದ್ದು ಬೇರೆ. ಕಾಯಿ ಇಳಿಸಿದ ಮೇಲೆ ಅವರು ಬಾರಿಸಿದರೆ ಶಬ್ದವೇ ಕೆಟ್ಟುಹೋಗಿತ್ತು. ಹೆಂಚಿಗೆ ಬಡಿದು ವಾಪಸು ಬಂದು ಒಂದರ ಮೇಲೊಂದು ಬೀಳುತ್ತಿತ್ತು.

"ಅವ್ವಾರೆ, ಕಾಯಿದ್ದಾಗ್ಲೇ ಚೆನ್ನಾಗಿತ್ತು ಕಣ್ರೀ. ಈಗ ಖಾಲಿ ಹಂಡೆ ಒಳಗೆ ಕೂತಂಗೈತೆ" ಎಂದ ಮಾದಿಹಳ್ಳಿಯವನು.

ಅಷ್ಟು ದಿನ ಶಬ್ದವನ್ನು ಹಿಡಿದಿಟ್ಟುಕೊಂಡಿದ್ದು ಆ ಮಟ್ಟೆಗಾಯಿಗಳೇ. ಯಾರಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಅಟ್ಟ ಕಳೆದುಕೊಂಡೆವು, ಬ್ಯಾಂಡೂ ಹೋಯಿತು ಎಂದುಕೊಂಡು ಆ ದಿನ ಒಲೆ ಹಚ್ಚಲೂ ಮನಸ್ಸಾಗಲಿಲ್ಲ. ಬೆಳಿಗ್ಗೆ ನಿಮ್ಮ ಅಪ್ಪ, ಅಂದರೆ ಆ ಹುಡುಗ, ಸುಲಿದು ಒಟ್ಟಿದ್ದ ಮಟ್ಟೆಯ ರಾಶಿಯನ್ನು ತೋರಿಸಿ "ಇದನ್ನೇ ಮೇಲಕ್ಕೆ ಹಾಕಿದ್ರೆ?" ಎಂದ. ನೀರು ಕಾಯಿಸಲು ಇಟ್ಟಿದ್ದ ಮಟ್ಟೆ ಅದು. ನಾವೆಲ್ಲ ಸೇರಿ ಹೊತ್ತು ಹಾಕಿದೆವು. ಅರ್ಧ ಅಟ್ಟಕ್ಕೂ ಸಾಲಲಿಲ್ಲ. ಮಧ್ಯಾಹ್ನ ಭಾವನ ಮನೆಯ ಎತ್ತಿನ ಗಾಡಿ ಮಟ್ಟೆ ತುಂಬಿಕೊಂಡು ಬಂದು ನಿಂತಿತು. ಗಾಡಿಯ ಹಿಂದೆ ಭಾವ.

"ನಮ್ ಹಿತ್ಲಲ್ಲಿ ಸುಮ್ಕೆ ಬಿದ್ದಿದ್ವು" ಎಂದು ಬೇರೆ ಕಡೆ ನೋಡಿಕೊಂಡು ಹೇಳಿದರು. "ಕಾಯಂತೂ ಹೋಯ್ತು. ಮಟ್ಟೆನಾದ್ರೂ ಕುಣೀಲಿ."

ಅಟ್ಟ ತುಂಬಿತು. ಶಬ್ದ ಮತ್ತೆ ಮೊದಲಿನ ಹಾಗಾಯಿತು.

ಬೆಂಗಳೂರಿನ ಸ್ಪರ್ಧೆಯಲ್ಲಿ ಅವರು ಗೆಲ್ಲಲಿಲ್ಲ. ವಾಪಸು ಬಂದ ಮೇಲೆ ಬಸ್ಸಿನ ಹಾಡನ್ನು ಕೊಟ್ಟಿಗೆಯಲ್ಲೇ ಬಾರಿಸಿ ಫೋನಿನಲ್ಲಿ ವಿಡಿಯೋ ಹಿಡಿದು ಇಂಟರ್ನೆಟ್ಟಿಗೆ ಹಾಕಿದರು. ಅದರಲ್ಲಿ ಅಟ್ಟದ ಸಂದಿಯಿಂದ ಮಟ್ಟೆ ಇಣುಕುವುದು ಕಾಣುತ್ತದೆ. ಅದು ಏನು, ಯಾವ ಪ್ರಾಣಿ ಎಂದು ಯಾರೋ ದೂರದವರು ಕೇಳಿದ್ದರಂತೆ. ಹಾಡು ಹರಡಿದ್ದು ನನಗೆ ತಿಳಿದದ್ದು ಅರಸೀಕೆರೆ ರೈಲ್ವೆ ಸ್ಟೇಷನ್ನಿನಲ್ಲಿ. ಕಡಲೆಕಾಯಿ ಮಾರುವವನ ಫೋನು ಬಡಿದುಕೊಂಡಿತು, ನೋಡಿದರೆ ನಮ್ಮ ಕೊಟ್ಟಿಗೆಯ ಶಬ್ದ. ಅವನು ಫೋನು ಎತ್ತಿ ಮಾತಾಡತೊಡಗಿದ. ಇನ್ನೊಂದು ಸ್ವಲ್ಪ ಹೊತ್ತು ಎತ್ತದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಅಲ್ಲಿಂದ ಮುಂದಿನದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ದೊಡ್ಡ ಊರುಗಳು, ವಿಮಾನ, ಟಿವಿ. ನಾನು ಒಂದೇ ಸಲ ಹೋಗಿದ್ದು, ಬೇಲೂರಿನಲ್ಲಿ ಬಯಲಲ್ಲಿ ಸ್ಟೇಜ್ ಹಾಕಿದ್ದಾಗ. ಮುಂದಿನ ಸಾಲಿನಲ್ಲಿ ಕುರ್ಚಿ ಇಟ್ಟಿದ್ದರು, ನಾನು ಹಿಂದೆ ಹೆಂಗಸರ ಜೊತೆ ಕೂತೆ. ಪಕ್ಕದಲ್ಲಿದ್ದವರು ನನ್ನ ಕಿವಿಗೆ ಬಾಯಿ ಹಚ್ಚಿ, "ಏನ್ ಹುಡ್ಗಿ ಕಣ್ರೀ ಅದು, ಡ್ರಮ್ಮು ಒಡೆದೇ ಹಾಕ್ತದೆ. ಅವ್ರಮ್ಮ ಹೆಂಗ್ ತಡ್ಕಂತಾಳೋ!" ಎಂದರು. ನಾನು ಹೂಂ ಎಂದೆ.

ಕೇಳಿದವರಿಗೆಲ್ಲ ನಿಮ್ಮ ಅಮ್ಮ "ಅಪ್ಪ ಅಟ್ಟದ ಕೆಳಗೆ ಜಾಗ ಕೊಟ್ರು" ಎನ್ನುತ್ತಾಳೆ. ಅದು ಸರಿ, ಕೊಟ್ಟಿದ್ದು ಅವರೇ. ಭಾವ ಬಸ್ಸಿನಲ್ಲಿ ಸಿಕ್ಕವರಿಗೆ "ನಮ್ ಕಾಯಿ ಬಿರಿದಿದ್ಕೇ ಆ ಹುಡುಗ್ರು ಮುಂದ್ ಬಂದಿದ್ದು" ಎನ್ನುತ್ತಾರೆ. ಅದೂ ಸುಳ್ಳಲ್ಲ. ನನ್ನ ವಿಷಯ ಎಲ್ಲೂ ಹೇಳಬೇಡ ಎಂದು ಅವಳಿಗೆ ನಾನೇ ಹೇಳಿದ್ದೇನೆ, ಜನ ಬಂದು ಮಾತಾಡಿಸಿದರೆ ನನಗೆ ಕಷ್ಟ. ನೀವು ಕೇಳಿದಿರಿ ಎಂದು ನಿಮಗೆ ಮಾತ್ರ ಬರೆದೆ.

ಆಮೇಲೆ ನಾನು ಅಟ್ಟಕ್ಕೆ ಕಾಯಿ ಹಾಕಲಿಲ್ಲ. ಮಟ್ಟೆ ಇನ್ನೂ ಹಾಗೇ ಇದೆ, ಅವರು ಊರಿಗೆ ಬಂದಾಗ ಈಗಲೂ ಅದರ ಕೆಳಗೇ ಕೂತು ಬಾರಿಸುತ್ತಾರೆ. ಈ ಹಾಳೆಗಳನ್ನು ಮಾತ್ರ ಅಲ್ಲಿ ಇಡಬೇಡಿ, ಮಟ್ಟೆಯಲ್ಲಿ ಇಲಿ ಸೇರಿಕೊಂಡಿವೆ. ನನ್ನ ಟ್ರಂಕಿನಲ್ಲಿ ತಾತನ ಆ ಪಂಚೆ ಇದೆ. ಅದರ ಮಡಿಕೆಯೊಳಗೆ ಇಟ್ಟು ಜೋಪಾನ ಮಾಡಿ.