ನಲವತ್ತು ಎಡತೋಳುಗಳು

ಹೊಲಿಗೆ ಅಂಗಡಿಯಲ್ಲಿ ಆಕೆಗೆ ಕತ್ತರಿ ಅಕ್ಕ ಎಂದೇ ಹೆಸರು. ಇಪ್ಪತ್ತೆರಡು ವರ್ಷಗಳಿಂದ ಬಟ್ಟೆ ಕತ್ತರಿಸುವ ಮೇಜು ಆಕೆಯದು. ಅದರ ಮುಂದೆ ಬೇರೊಬ್ಬರು ನಿಂತರೆ ಮೈ ಉರಿಯುತ್ತಿತ್ತು. ಕೂರುವ ಜಾಯಮಾನವೇ ಅಲ್ಲ. ಊಟವನ್ನೂ ನಿಂತೇ ಮುಗಿಸುವ ಹೆಂಗಸು.

ಎರಡು ವರ್ಷದಿಂದ ನೋವು. ಇವತ್ತು ಭುಜ, ನಾಳೆ ಸೊಂಟ, ನಾಡಿದ್ದು ಮೈಯೆಲ್ಲ. ಎಷ್ಟು ಮಲಗಿದರೂ ಬೆಳಿಗ್ಗೆ ಅದೇ ಸುಸ್ತು. ರಕ್ತಪರೀಕ್ಷೆ, ಎಕ್ಸ್‌ರೇ ಎಲ್ಲ ಚೆನ್ನಾಗಿ ಬಂದವು, ಅದೇ ಎಡವಟ್ಟಾಯಿತು. "ರಿಪೋರ್ಟಲ್ಲಿ ಏನೂ ಇಲ್ವಲ್ಲ ಅತ್ತಿಗೆ," ಎಂದು ನಾದಿನಿ ರಾಗ ಎಳೆದಳು.

ಕೊನೆಗೆ ಒಬ್ಬ ಡಾಕ್ಟರಮ್ಮ ಅದಕ್ಕೆ ಹೆಸರು ಕೊಟ್ಟರು: ಫೈಬ್ರೊಮಯಾಲ್ಜಿಯ. ಮಿದುಳು, ನರಗಳು ಸಣ್ಣ ನೋವನ್ನೂ ದೊಡ್ಡದು ಮಾಡಿಕೊಳ್ಳುತ್ತವಂತೆ. ಪೂರ್ತಿ ಹೋಗುತ್ತದೆ ಎನ್ನುವಂತಿಲ್ಲ, ಹತೋಟಿಗೆ ತರಬಹುದು. ಮಲಗುವ ಮುಂಚೆ ಒಂದು ಮಾತ್ರೆ, ದಿನಾ ಸ್ವಲ್ಪ ನಡಿಗೆ, ಹೊತ್ತಿಗೆ ಸರಿಯಾಗಿ ನಿದ್ದೆ. ಅದಕ್ಕೆಲ್ಲ ತಲೆಯಾಡಿಸಿದಳು. "ಅರ್ಧ ಗಂಟೆ ಕೆಲಸ ಮಾಡಿ, ಹತ್ತು ನಿಮಿಷ ಕೂತ್ಕೊಳ್ಳಿ. ನೋವಿಲ್ಲದ ದಿನಾನೂ," ಎಂದದ್ದು ಮಾತ್ರ ಕಿವಿಗೆ ಹೋಗಲಿಲ್ಲ. ಚೆನ್ನಾಗಿರುವಾಗ ಕೂರುವುದು ಮೈಗಳ್ಳರ ಕೆಲಸ ಅಲ್ಲವೇ?

ಹಾಗಾಗಿ ಒಳ್ಳೆಯ ದಿನ ಸಿಕ್ಕಿತೆಂದರೆ ಮೂರು ದಿನದ ಕೆಲಸವನ್ನು ಒಟ್ಟಿಗೆ ಮೈಮೇಲೆ ಹಾಕಿಕೊಳ್ಳುವಳು. ಮುಂದಿನ ನಾಲ್ಕು ದಿನ ಹಾಸಿಗೆ ಹಿಡಿಯುವಳು. ಅಂಗಡಿಗೆ ಜ್ವರ ಎಂದು ಸುಳ್ಳು. ಒಬ್ಬಳೇ ಹೆಂಗಸಿಗೆ ಎಷ್ಟು ಸಲ ಅಂತ ಜ್ವರ ಬರಬೇಕು!

ಒಂದು ಸೋಮವಾರ ಮೈ ಹಗುರವಾಗಿತ್ತು. ಬ್ಯಾಂಡ್ ತಂಡದವರ ಇಪ್ಪತ್ತು ಕೋಟು ಕತ್ತರಿಸಬೇಕಿತ್ತು. ಬೆಳಿಗ್ಗೆ ನಿಂತವಳು ಮಧ್ಯಾಹ್ನ ದಾಟಿದರೂ ಕೂರಲಿಲ್ಲ. ಅಷ್ಟರಲ್ಲಿ ತಲೆಯೊಳಗೆ ಮಂಜು ಕವಿದಿತ್ತು. ಬಟ್ಟೆಯ ಹೊಳಪಿನ ಮೈ ಒಂದಕ್ಕೊಂದು ತಾಗುವಂತೆ ಜೋಡಿ ಜೋಡಿಯಾಗಿ ಹಾಸಿದರೆ ಎಡದ ತೋಳು, ಬಲದ ತೋಳು ಎರಡೂ ಬರುತ್ತವೆ. ಆಕೆ ಎಲ್ಲ ಪದರವನ್ನೂ ಹೊಳಪು ಮೇಲಾಗಿ ಹಾಸಿದ್ದಳು. ನಲವತ್ತು ತೋಳುಗಳೂ ಎಡಗೈಗೇ ಬಂದವು.

"ಬ್ಯಾಂಡಿನೋರಿಗೆ ಬಲಗೈ ಇಲ್ವೇನೇ?" ಎಂದರು ಯಜಮಾನಿ. ಹೊಲಿಯುವವರು ಕಿಸಕ್ಕೆಂದರು. ಯಜಮಾನಿ ನಗಲಿಲ್ಲ. "ನಾಳೆಯಿಂದ ನೀನು ಗುಂಡಿ ಹಚ್ಚು. ಮೇಜು ಬೇರೆಯವರಿಗೆ ಕೊಡ್ತೀನಿ."

ಜ್ವರ ಎಂಬ ಹಳೆಯ ಸುಳ್ಳು ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು, ನುಂಗಿಕೊಂಡಳು.

"ಜ್ವರ ಅಲ್ಲ ಅಮ್ಮಾವ್ರೆ. ಇಷ್ಟು ದಿನ ಹೇಳಿದ್ದೆಲ್ಲ ಸುಳ್ಳು," ಎಂದು ಶುರು ಮಾಡಿ, ಕಾಯಿಲೆಯ ಹೆಸರು, ಡಾಕ್ಟರಮ್ಮನ ಮಾತು ಎಲ್ಲ ಒಂದೇ ಉಸಿರಿಗೆ ಹೇಳಿದಳು.

"ನೋವಿದ್ದಾಗ ಕೂರು, ಯಾರು ಬೇಡ ಅಂದ್ರು? ಇಲ್ದಾಗ ಯಾಕೆ?"

"ಇಲ್ದಾಗ ಕೂತ್ರೇನೇ ಅಮ್ಮಾವ್ರೆ, ನಾಳೆ ನಿಲ್ಲೋಕಾಗೋದು."

ತನ್ನ ಬಾಯಿಂದ ಈ ಮಾತು ಬಂದದ್ದು ಆಕೆಗೇ ಆಶ್ಚರ್ಯ. "ಮೇಜು ಸದ್ಯಕ್ಕೆ ನಿನ್ನ ಹತ್ರಾನೇ ಇರಲಿ. ಒಂದು ತಿಂಗಳು ನೋಡ್ತೀನಿ," ಎಂದರು ಯಜಮಾನಿ.

ಎರಡನೇ ವಾರ ಮತ್ತೊಂದು ಒಳ್ಳೆಯ ದಿನ ಬಂತು. ಅರ್ಧ ಗಂಟೆಯಾದ ಕೂಡಲೇ ಕತ್ತರಿ ಕೆಳಗಿಟ್ಟು ಸ್ಟೂಲಿನ ಮೇಲೆ ಕೂತಳು. ಕೈ ಚಡಪಡಿಸುತ್ತಿತ್ತು, ಕಾಲು ನೆಲ ಕುಟ್ಟುತ್ತಿತ್ತು. ಕತ್ತರಿಸದ ಬಟ್ಟೆ ಎದುರಿಗೇ ಇತ್ತು. ಎಲ್ಲರ ಕಣ್ಣೂ ಆಕೆಯ ಮೇಲೆ.

"ನೋವಾ ಅಕ್ಕ?" ಎಂದ ಇಸ್ತ್ರಿಯವನು.

ಹೂಂ ಅಂದುಬಿಟ್ಟರೆ ಯಾರೂ ಏನೂ ಅನ್ನುತ್ತಿರಲಿಲ್ಲ.

"ಇಲ್ಲಪ್ಪ, ಚೆನ್ನಾಗಿದೀನಿ," ಎಂದಳು. ನಾಚಿಕೆಯಿಂದ ಮುಖ ಬಿಸಿಯಾಯಿತು. ಆದರೂ ಏಳಲಿಲ್ಲ.