ಕುಂಕುಮ ಹಚ್ಚಿದ ಲೈಬ್ರರಿ ಪುಸ್ತಕ

ಮೊಮ್ಮಕ್ಕಳೇ, ಶಶಿ, ಗೀತಾ, ನಾನು ಹುಡುಗಿಯಾಗಿದ್ದಾಗ ಒಮ್ಮೆ ದಸರೆ ರಜೆ ಮುಗಿದು ಸ್ಕೂಲು ತೆರೆದ ದಿನ ಶಿಡ್ಲಘಟ್ಟದ ಮಿಡ್ಲ್ ಸ್ಕೂಲಿನ ಲೈಬ್ರರಿಯಲ್ಲಿ ಮೇಷ್ಟ್ರ ಮುಂದೆ ಪುಸ್ತಕ ಹಿಡಿದು ನಿಂತಿದ್ದೆ. ರೇಷ್ಮೆಹುಳು ಮೊದಲು ಯಾವ ದೇಶದಲ್ಲಿತ್ತೆಂದು ಹುಡುಕಿಕೊಂಡು ಬರಲು ರಜೆಗೆ ಮೊದಲು ಮೇಷ್ಟ್ರು ನನಗೊಂದು ದಪ್ಪ ಪುಸ್ತಕ ಕೊಟ್ಟಿದ್ದರು. ನಮ್ಮಜ್ಜಿ ಅದನ್ನು ಸರಸ್ವತಿ ಪೂಜೆಗೆ ಇಟ್ಟು, ರಟ್ಟಿನ ತುಂಬ ಅರಿಶಿನ ಕುಂಕುಮ ಹಚ್ಚಿ, ಹಬ್ಬ ಕಳೆಯುವವರೆಗೂ ಮುಟ್ಟಲು ಬಿಟ್ಟಿರಲಿಲ್ಲ.

“ಏನೇ, ಪುಸ್ತಕಕ್ಕೆ ಮದುವೆ ಮಾಡಿಸ್ದ್ಯಾ?” ಎಂದು ಗೆಳತಿ ಪಾರ್ವತಿ ನಕ್ಕಳು. ಇನ್ನು ಮೇಷ್ಟ್ರು ಪುಸ್ತಕವನ್ನೇ ಕೊಡುವುದಿಲ್ಲವೆಂದು ನನಗೆ ಅಳು ಬಂತು. “ಓದಿಲ್ಲ ಸಾರ್, ಪೂಜೇಲಿತ್ತು” ಎಂದೆ.

ಮೇಷ್ಟ್ರು ಪಂಚೆಯ ಅಂಚಿನಿಂದ ರಟ್ಟು ಒರೆಸಿದರು. “ಪೂರ್ತಿ ಓದು ಅಂದೋರ್ಯಾರಮ್ಮ? ಕೊನೇ ಹಾಳೆ ತೆಗಿ. ಅಲ್ಲಿ ಪದಗಳನ್ನ ಅ, ಆ ಅಂತ ಅಕ್ಷರದ ಸಾಲಲ್ಲಿ ಜೋಡಿಸಿರ್ತಾರೆ, ರೇಷ್ಮೆ ಎಲ್ಲಿದೆ ನೋಡು” ಎಂದರು. ಪದದ ಪಕ್ಕದಲ್ಲೇ ಪುಟದ ಸಂಖ್ಯೆಯಿತ್ತು. ಆ ಪುಟ ತೆರೆದರೆ ಚೀನಾ ದೇಶವೆಂದು ಬರೆದಿತ್ತು. ನಾನು ಅದನ್ನು ಗಟ್ಟಿಯಾಗಿ ಓದಿದೆ. ಎದೆ ಹಗುರಾಯಿತು. ಮನೆಗೆ ಹೊರಟಾಗ ಮೇಷ್ಟ್ರು ಕೈಗೆ ಇನ್ನೊಂದು ಪುಸ್ತಕ ಕೊಟ್ಟರು.

ಯಾರನ್ನಾದರೂ ಏನಾದರೂ ಕೇಳಲು ನನಗೆ ಈಗಲೂ ಸಂಕೋಚ. ನಿಮ್ಮ ತಾತ ತೀರಿಹೋದ ಮೇಲೂ ಗೊತ್ತಿಲ್ಲದ್ದನ್ನು ಅಂದು ಕಲಿತ ಹಾಗೆ ಪುಸ್ತಕಗಳಲ್ಲಿ ನಾನೇ ಹುಡುಕಿಕೊಂಡು ಬದುಕಿದೆ. ನಿಮಗಾಗಿ ಇದನ್ನು ಬರೆದಿಟ್ಟ ಈ ಹಾಳೆಗಳನ್ನು ಜೋಪಾನವಾಗಿಡಿ ಮಕ್ಕಳೇ.