ಹೊರಗಿನವರಿಗೊಂದು ನಂಬರ್

ಕೆಜಿಎಫ್‌ನ ಒಂದು ಆಸ್ಪತ್ರೆಯಲ್ಲಿ ನಾನು ಮೇಟ್ರನ್. ನರ್ಸುಗಳು ರೋಗಿಗಳ ಕಡೆಯವರಿಗೆ ಸ್ವಂತ ನಂಬರ್ ಕೊಡುವುದು ಕಾನ್ವೆಂಟಿನಲ್ಲಿ ಬೆಳೆದ ನನಗೆ ಹಿಡಿಸದು. ನಮ್ಮ ನರ್ಸ್ ಕಾಮಸಮುದ್ರದ ಮಂಜುಳಾ ಕೊಟ್ಟಿದ್ದಳು, ಅಜ್ಜಿಯ ಹೊಲಿಗೆ ಬಿಚ್ಚಿಸಲು ಯಾವತ್ತು ಬರಬೇಕೆಂದು ಕೇಳಿದ ಮೊಮ್ಮಗನಿಗೆ. ಅಜ್ಜಿಯ ಗಾಯ ಒಣಗಿತು, ಅವನ ಕರೆಗಳು ನಿಲ್ಲಲಿಲ್ಲ.

"ನಂಬರ್ ಬದಲಾಯಿಸು," ಎಂದೆ.

"ರೋಗಿಗಳೆಲ್ಲಾ ಅದಕ್ಕೇ ಫೋನ್ ಮಾಡ್ತಾರೆ ಮೇಡಂ. ಇವನ ವಿಷ್ಯ ಅಪ್ಪನಿಗೆ ಗೊತ್ತಾದ್ರೆ ಕೆಲ್ಸ ಬಿಡಿಸ್ತಾರೆ," ಎಂದು ಅತ್ತಳು.

ಆಸ್ಪತ್ರೆಯಿರುವ ಉರಿಗಾಂನಲ್ಲಿ ಎಲ್ಲರೂ ಪರಿಚಿತರು. ಹಾಗಾಗಿ ಅವಳನ್ನು ಬಂಗಾರಪೇಟೆಯ ಮೊಬೈಲ್ ಅಂಗಡಿಗೆ ಕರೆದೊಯ್ದೆ. ಕಡಿಮೆ ರೀಚಾರ್ಜಿನ ಇನ್ನೊಂದು ಸಿಮ್ ಕೇಳಿದೊಡನೆ ಅಂಗಡಿಯವನು ನಕ್ಕ.

"ಎರಡು ಯಾಕಮ್ಮಾ? ಕದ್ದು ಮಾತಾಡಾಕಾ?"

"ನಿಮ್ಮ ಅಂಗಡಿಗೆ ಹಿಂದೆ ಇನ್ನೊಂದು ಬಾಗಿಲು ಯಾಕಿದೆ?" ಎಂದೆ.

"ಅದು ಮನೆಯೋರಿಗೆ."

"ಇದೂ ಮನೆಯೋರಿಗೇ."

ಅವನು ಸಿಮ್ ತೆಗೆದುಕೊಟ್ಟ. ಹೊಸ ನಂಬರ್ ಮಂಜುಳಾಳ ಅಪ್ಪ ಅಮ್ಮನಿಗೆ ಮಾತ್ರ ಹೋಯಿತು. ಅವಳ ಹಳೆಯ ಸಿಮ್ಮನ್ನು ಚಿಕ್ಕ ಫೋನೊಂದಕ್ಕೆ ಹಾಕಿ ನನ್ನ ಮೇಜಿನ ಮೇಲಿಟ್ಟುಕೊಂಡೆ. ಸಂಜೆಯೇ ರಿಂಗಾಯಿತು.

"ಊಟ ಆಯ್ತಾ ಮಂಜು?"

"ಮೇಟ್ರನ್ ಮಾತಾಡ್ತಿರೋದು. ಅಜ್ಜಿ ಹೇಗಿದ್ದಾರೆ?"

"ಚೆ... ಚೆನ್ನಾಗವ್ರೆ."

"ಫೋನ್ ಅವರಿಗೆ ಕೊಡು. ಮೊಮ್ಮಗ ಯಾರ ಊಟ ವಿಚಾರಿಸ್ತಿದ್ದಾನೆ ಅಂತ ಹೇಳ್ತೀನಿ."

ಕರೆ ಕಟ್ಟಾಯಿತು, ಮತ್ತೆ ಬರಲಿಲ್ಲ. ಮಂಜುಳಾ ಕೆಲಸದಲ್ಲಿದ್ದಾಳೆ. ಆ ನಂಬರಿಗೆ ಈಗ ರೋಗಿಗಳಿಗಿಂತ, ಸಾಲ ಬೇಕೇ ಎಂದು ಕೇಳುವವರ ಕರೆಗಳೇ ಹೆಚ್ಚು. ನಾನು "ಮೇಟ್ರನ್" ಎಂದೊಡನೆ ಅವರೂ ಕ್ಷಮೆ ಕೇಳಿ ಇಟ್ಟುಬಿಡುತ್ತಾರೆ. ಬಡ್ಡಿ ಎಷ್ಟೆಂದು ವಿಚಾರಿಸಲೂ ಪುರುಸೊತ್ತು ಕೊಡುವುದಿಲ್ಲ.